ಅಭಿವೃದ್ಧಿಶೀಲ ರಾಷ್ಟ್ರಗಳು ಮತ್ತು ಅರ್ಥವ್ಯವಸ್ಥೆಯ ಆಯ್ಕೆ

ಯಾವ ವಸ್ತುವನ್ನು ಎಷ್ಟು ಉತ್ಪಾದಿಸಬೇಕು, ಯಾರ ಬಂಡವಾಳದಿಂದ ಉತ್ಪಾದಿಸಬೇಕು, ಉತ್ಪಾದನೆಯಾದದ್ದು ಯಾರ ಪಾಲಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಒಂದು ಸಮಾಜ ತೀರ್ಮಾನಿಸುವ ಕ್ರಮಕ್ಕೆ ಅರ್ಥವ್ಯವಸ್ಥೆ ಎಂದು ಹೆಸರು. ಈ ತೀರ್ಮಾನವನ್ನು ಮಾರುಕಟ್ಟೆಯ ಬೆಲೆಗಳಿಗೆ ಬಿಡಬಹುದು, ಸರ್ಕಾರದ ಯೋಜನೆಗೆ ಒಪ್ಪಿಸಬಹುದು, ಇಲ್ಲವೆ ಎರಡಕ್ಕೂ ಹಂಚಿಕೊಡಬಹುದು. ಎರಡನೆಯ ಮಹಾಯುದ್ಧದ ಬಳಿಕ ಏಷ್ಯ, ಆಫ್ರಿಕಗಳಲ್ಲಿ ಒಂದರ ಹಿಂದೆ ಒಂದರಂತೆ ಸ್ವತಂತ್ರವಾದ ದೇಶಗಳ ಪಾಲಿಗೆ ಇದು ಪಠ್ಯಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಬಹುಪಾಲು ಜನ ಬೇಸಾಯವನ್ನೇ ನಂಬಿದ್ದರು, ಅಕ್ಷರ ಬಲ್ಲವರು ಕಡಿಮೆ, ಕಾರ್ಖಾನೆಗಳು ಬೆರಳೆಣಿಕೆಯಷ್ಟು, ಬೊಕ್ಕಸ ಬರಿದು. 1951ರ ಜನಗಣತಿಯ ಪ್ರಕಾರ ಭಾರತದಲ್ಲಿ ಸಾಕ್ಷರರ ಪ್ರಮಾಣ ಶೇ. 18ರಷ್ಟಿತ್ತು. ಇಂಥ ಸ್ಥಿತಿಯಿಂದ ಮೇಲೇಳಲು ಯಾವ ದಾರಿ ಹಿಡಿಯಬೇಕೆಂಬುದರ ಮೇಲೆ ಕೋಟ್ಯಂತರ ಜನರ ಊಟ, ಉದ್ಯೋಗ, ಆಯುಸ್ಸು ನಿಂತಿತ್ತು.

ಕಳೆದ ಮುಕ್ಕಾಲು ಶತಮಾನದಲ್ಲಿ ಬಹುತೇಕ ಎಲ್ಲ ದಾರಿಗಳೂ ಒಂದಲ್ಲ ಒಂದು ದೇಶದಲ್ಲಿ ಪ್ರಯೋಗಕ್ಕೆ ಬಂದಿವೆ. ಒಂದೇ ಹೆಸರಿನ ವ್ಯವಸ್ಥೆ ಒಂದು ದೇಶದಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ಸೋತಿದೆ. ಹೀಗಾಗಿ ವ್ಯವಸ್ಥೆಯ ಹಣೆಪಟ್ಟಿಗಿಂತ ಅದು ನಡೆದ ಬಗೆ ಮುಖ್ಯ ಎಂಬ ನಿಲುವಿಗೆ ಅಭಿವೃದ್ಧಿ ಅರ್ಥಶಾಸ್ತ್ರ ಕ್ರಮೇಣ ಬಂದು ತಲುಪಿದೆ.

ಬಡ ದೇಶದ ವಿಶೇಷ ಸಮಸ್ಯೆಗಳು

ಶ್ರೀಮಂತ ದೇಶಕ್ಕೆ ಹೊಂದುವ ವ್ಯವಸ್ಥೆ ಬಡ ದೇಶಕ್ಕೂ ಹಾಗೆಯೇ ಹೊಂದಬೇಕೆಂದಿಲ್ಲ. ಇದಕ್ಕೆ ಕಾರಣಗಳು ಹಲವು. ಮೊದಲನೆಯದು ಉಳಿತಾಯ. ದುಡಿದದ್ದೆಲ್ಲ ಹೊಟ್ಟೆಗೇ ಸಾಲದಿದ್ದಾಗ ಹೂಡಿಕೆಗೆ ಹಣ ಹುಟ್ಟುವುದಿಲ್ಲ. ಹೂಡಿಕೆಯಿಲ್ಲದೆ ದುಡಿಮೆಯ ಫಲ ಹೆಚ್ಚುವುದಿಲ್ಲ. ಎರಡನೆಯದು ಬೇಸಾಯದಲ್ಲಿ ಕಿಕ್ಕಿರಿದ ದುಡಿಮೆಗಾರರು. ಸೇಂಟ್ ಲೂಸಿಯ ದ್ವೀಪದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹೊಲದಲ್ಲಿ ಹೆಚ್ಚುವರಿಯಾಗಿರುವ ಈ ಜನರನ್ನು ಕಾರ್ಖಾನೆಗಳತ್ತ ತರುವುದೇ ಅಭಿವೃದ್ಧಿಯ ತಿರುಳು ಎಂದು ವಾದಿಸಿದರು. 1979ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೂರನೆಯದು ವಿದೇಶಿ ವಿನಿಮಯದ ಕೊರತೆ. ಯಂತ್ರ, ತೈಲ, ಗೊಬ್ಬರಗಳನ್ನು ಹೊರಗಿನಿಂದ ತರಬೇಕು. ಅದಕ್ಕೆ ಪ್ರತಿಯಾಗಿ ಮಾರಲು ಇರುವುದು ಚಹಾ, ಸೆಣಬು, ತಾಮ್ರ, ಕೋಕೊಗಳಂಥ ಕಚ್ಚಾ ಸರಕು. ಅಂಥ ಸರಕಿನ ಬೆಲೆ ಯಂತ್ರಗಳ ಬೆಲೆಗೆ ಹೋಲಿಸಿದರೆ ಕಾಲಕ್ರಮದಲ್ಲಿ ಕುಸಿಯುತ್ತ ಹೋಗುತ್ತದೆ ಎಂದು ಹಾನ್ಸ್ ಸಿಂಗರ್ ಮತ್ತು ಅರ್ಜೆಂಟೀನದ ರೌಲ್ ಪ್ರೆಬಿಷ್ 1950ರಲ್ಲಿ ಬೇರೆಬೇರೆಯಾಗಿ ಪ್ರತಿಪಾದಿಸಿದರು.

ನಾಲ್ಕನೆಯದು ಮಾರುಕಟ್ಟೆಯೇ ಪೂರ್ತಿ ಬೆಳೆಯದಿರುವುದು. ಊರಿನಲ್ಲಿ ಬ್ಯಾಂಕಿಲ್ಲದಾಗ ರೈತ ಸಾಹುಕಾರನಿಂದ ಮೀಟರ್ ಬಡ್ಡಿಗೆ ಕೈಸಾಲ ತರುತ್ತಾನೆ. ಪಹಣಿ, ಪತ್ರ ಸರಿಯಿಲ್ಲದ ಜಮೀನನ್ನು ಅಡವಿಡುವುದೂ ಕಷ್ಟ. ಇಂಥ ಕಡೆ ಎಲ್ಲವನ್ನೂ ಮಾರುಕಟ್ಟೆಗೆ ಬಿಡುವುದೆಂದರೆ ಇಲ್ಲದ ಸಂಸ್ಥೆಯ ಕೈಗೆ ಅಧಿಕಾರ ಕೊಟ್ಟಂತೆ. ಐದನೆಯದು ಇದರ ಇನ್ನೊಂದು ಮುಖ: ಸರ್ಕಾರವೂ ಅಷ್ಟೇ ದುರ್ಬಲ. ತೆರಿಗೆ ಸಂಗ್ರಹಿಸುವ, ಲೆಕ್ಕ ಇಡುವ, ಬಲಾಢ್ಯರಿಗೆ ಇಲ್ಲವೆನ್ನುವ ಶಕ್ತಿ ಅದಕ್ಕೆ ಕಡಿಮೆ. ಕಾನೂನು ಮಾಡಿಯೂ ಜಾರಿಗೆ ತರಲಾರದ ಆಡಳಿತವನ್ನು ಗುನ್ನಾರ್ ಮಿರ್ಡಲ್ 1968ರ ‘ಏಷ್ಯನ್ ಡ್ರಾಮ’ ಗ್ರಂಥದಲ್ಲಿ ಮೆದು ಪ್ರಭುತ್ವ ಎಂದು ಕರೆದರು. ಮಾರುಕಟ್ಟೆಯ ದೌರ್ಬಲ್ಯಕ್ಕೆ ಸರ್ಕಾರ ಔಷಧಿ, ಸರ್ಕಾರದ ದೌರ್ಬಲ್ಯಕ್ಕೆ ಮಾರುಕಟ್ಟೆ ಔಷಧಿ ಎಂಬ ವಾದಗಳೆರಡೂ ಇಲ್ಲಿ ಅರ್ಧ ಸತ್ಯಗಳು. ಎರಡನ್ನೂ ಕಟ್ಟಿಕೊಳ್ಳಬೇಕಾದ ಹೊಣೆ ಬಡ ದೇಶದ ಮೇಲಿದೆ.

ಮೂರು ಮಾದರಿಗಳು

ಮಾರುಕಟ್ಟೆ ಅಥವಾ ಬಂಡವಾಳಶಾಹಿ ವ್ಯವಸ್ಥೆಯಲ್ಲಿ ಉತ್ಪಾದನ ಸಾಧನಗಳು ಖಾಸಗಿಯವರ ಕೈಯಲ್ಲಿರುತ್ತವೆ. ಲಾಭದ ಆಸೆ ಮತ್ತು ಪೈಪೋಟಿಯ ಭಯ ಎರಡೂ ಸೇರಿ ಉತ್ಪಾದನೆಯನ್ನು ನಡೆಸುತ್ತವೆ. ಆಡಂ ಸ್ಮಿತ್‌ನ 1776ರ ‘ರಾಷ್ಟ್ರಗಳ ಸಂಪತ್ತು’ ಇದರ ಮೂಲ ಗ್ರಂಥ. ಚದುರಿಹೋಗಿರುವ ಲಕ್ಷಾಂತರ ಜನರ ತಿಳಿವಳಿಕೆಯನ್ನು ಒಂದು ಕಚೇರಿ ಎಂದೂ ಕಲೆಹಾಕಲಾರದು, ಬೆಲೆ ಮಾತ್ರ ಆ ಕೆಲಸ ಮಾಡಬಲ್ಲದು ಎಂದು 1945ರಲ್ಲಿ ಫ್ರೆಡರಿಕ್ ಹಯೆಕ್ ಮಂಡಿಸಿದ ವಾದ ಇದರ ಅತಿ ಗಟ್ಟಿಯಾದ ಸಮರ್ಥನೆ. ಆದರೆ ಕೊಳ್ಳುವ ಶಕ್ತಿ ಇಲ್ಲದವನ ಹಸಿವು ಬೆಲೆಯಲ್ಲಿ ಕಾಣಿಸುವುದಿಲ್ಲ ಎಂಬುದು ಇದರ ದೊಡ್ಡ ಕೊರತೆ.

ಸಮಾಜವಾದಿ ಯೋಜಿತ ವ್ಯವಸ್ಥೆಯಲ್ಲಿ ಭೂಮಿ, ಗಣಿ, ಕಾರ್ಖಾನೆ, ಬ್ಯಾಂಕುಗಳು ಸಮಾಜದ ಒಡೆತನಕ್ಕೆ ಸೇರಿರುತ್ತವೆ. ಏನು, ಎಷ್ಟು ಎಂಬುದನ್ನು ಕೇಂದ್ರ ಯೋಜನೆ ಗೊತ್ತುಮಾಡುತ್ತದೆ. 1928ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭಿಸಿದ ಸೋವಿಯತ್ ಒಕ್ಕೂಟ ಒಂದು ತಲೆಮಾರಿನೊಳಗೆ ಕೈಗಾರಿಕಾ ಶಕ್ತಿಯಾಗಿ ಬೆಳೆದದ್ದು ಹೊಸ ದೇಶಗಳ ನಾಯಕರನ್ನು ಬೆರಗುಗೊಳಿಸಿತು. ಅದಕ್ಕಾಗಿ ರೈತರು ತೆತ್ತ ಬೆಲೆ ಆಗ ಹೊರಜಗತ್ತಿಗೆ ಸರಿಯಾಗಿ ತಿಳಿದಿರಲಿಲ್ಲ. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತದೆ ಎಂಬ ಭರವಸೆಯಿರುವ ಕಾರ್ಖಾನೆ ಮಿತವ್ಯಯವನ್ನೂ ಹೊಸತನವನ್ನೂ ಕಲಿಯುವುದಿಲ್ಲ ಎಂದು ಹಂಗರಿಯ ಯಾನೊಷ್ ಕೊರ್ನೈ 1980ರಲ್ಲಿ ತೋರಿಸಿಕೊಟ್ಟರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಕುಸಿಯಿತು.

ಮಿಶ್ರ ವ್ಯವಸ್ಥೆಯಲ್ಲಿ ಸಾರ್ವಜನಿಕ ಮತ್ತು ಖಾಸಗಿ ವಲಯಗಳೆರಡಕ್ಕೂ ಜಾಗವಿದೆ. ಇಂದಿನ ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಈ ಗುಂಪಿಗೇ ಸೇರುತ್ತವೆ. ಮುಕ್ತ ವ್ಯಾಪಾರಕ್ಕೆ ಮಾದರಿಯೆನಿಸಿದ ಸಿಂಗಪುರದಲ್ಲಿ ಬಹುಪಾಲು ಭೂಮಿ ಸರ್ಕಾರದ್ದು. 1960ರಲ್ಲಿ ಸ್ಥಾಪನೆಯಾದ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿ ಅಲ್ಲಿನ ಹೆಚ್ಚಿನ ನಾಗರಿಕರು ವಾಸವಾಗಿದ್ದಾರೆ. ಕಮ್ಯುನಿಸ್ಟ್ ಪಕ್ಷ ಆಳುವ ಚೀನಾದಲ್ಲಿ ಖಾಸಗಿ ಉದ್ಯಮಿಗಳು ಕೋಟ್ಯಧಿಪತಿಗಳಾಗಿದ್ದಾರೆ. ಆದ್ದರಿಂದ ‘ಬಂಡವಾಳಶಾಹಿಯೋ ಸಮಾಜವಾದವೋ’ ಎಂಬ ಪ್ರಶ್ನೆಗಿಂತ ಯಾವ ಕ್ಷೇತ್ರವನ್ನು ಯಾರ ಕೈಗೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಭಾರತ: ಯೋಜನೆಯಿಂದ ಉದಾರೀಕರಣಕ್ಕೆ

ಭಾರತದಲ್ಲಿ ಯೋಜನೆಯ ವಿಚಾರ ಸ್ವಾತಂತ್ರ್ಯಕ್ಕಿಂತ ಹಳೆಯದು, ಅದರ ಒಂದು ಬೇರು ಮೈಸೂರು ಸಂಸ್ಥಾನದಲ್ಲಿದೆ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕು, ಶ್ರೀಗಂಧದೆಣ್ಣೆ ಕಾರ್ಖಾನೆ, ಸಾಬೂನು ಕಾರ್ಖಾನೆಗಳು ತಲೆಯೆತ್ತಿದವು; ಅವರು ಕನಸು ಕಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಖಾಸಗಿ ಬಂಡವಾಳ ಮುಂದೆ ಬಾರದ ಕಡೆ ಸರ್ಕಾರವೇ ಮುಂದಾಗಬೇಕು ಎಂಬುದು ಅವರ ನಿಲುವು. 1934ರಲ್ಲಿ ಅವರು ಪ್ರಕಟಿಸಿದ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯ’ ಇಡೀ ದೇಶಕ್ಕೆ ಹತ್ತು ವರ್ಷಗಳ ಯೋಜನೆಯೊಂದನ್ನು ಮುಂದಿಟ್ಟ ಮೊದಲ ಗ್ರಂಥಗಳಲ್ಲಿ ಒಂದು. ಕೈಗಾರಿಕೀಕರಣವಿಲ್ಲದೆ ಉಳಿಗಾಲವಿಲ್ಲವೆಂಬ ಅವರ ಘೋಷಣೆಗೆ ಗಾಂಧೀಜಿ ಒಪ್ಪಲಿಲ್ಲ. ಭಾರಿ ಯಂತ್ರೋದ್ಯಮ ಹಳ್ಳಿಯನ್ನು ಹಾಳುಮಾಡುತ್ತದೆ ಎಂಬುದು ಗಾಂಧಿಯವರ ಆತಂಕ.

1938ರಲ್ಲಿ ಸುಭಾಷ್‌ಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ಜವಾಹರಲಾಲ್ ನೆಹರೂ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಯೋಜನಾ ಸಮಿತಿ ರಚನೆಯಾಯಿತು. 1944ರಲ್ಲಿ ಜೆ. ಆರ್. ಡಿ. ಟಾಟಾ, ಜಿ. ಡಿ. ಬಿರ್ಲಾ ಮೊದಲಾದ ಉದ್ಯಮಿಗಳು ‘ಬಾಂಬೆ ಯೋಜನೆ’ಯನ್ನು ಸಿದ್ಧಪಡಿಸಿದರು. ಮೂಲ ಕೈಗಾರಿಕೆಗಳಲ್ಲಿ ಸರ್ಕಾರ ಬಂಡವಾಳ ಹೂಡಬೇಕೆಂದು ಬಂಡವಾಳಗಾರರೇ ಕೇಳಿದ್ದು ಗಮನಾರ್ಹ. ಅದೇ ವರ್ಷ ಶ್ರೀಮನ್ನಾರಾಯಣ ಅಗರ್ವಾಲರು ಗಾಂಧಿವಾದಿ ಯೋಜನೆಯನ್ನು ಮುಂದಿಟ್ಟರು. 1950ರ ಮಾರ್ಚಿನಲ್ಲಿ ಯೋಜನಾ ಆಯೋಗ ಸ್ಥಾಪನೆಯಾಗಿ, 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಪಿ. ಸಿ. ಮಹಲನೋಬಿಸ್ ರೂಪಿಸಿದ ಎರಡನೆಯ ಯೋಜನೆ (1956–61) ಉಕ್ಕು, ಯಂತ್ರ, ವಿದ್ಯುತ್ತುಗಳಿಗೆ ಒತ್ತು ಕೊಟ್ಟಿತು. 1956ರ ಕೈಗಾರಿಕಾ ನೀತಿ 17 ಉದ್ಯಮಗಳನ್ನು ಸರ್ಕಾರಕ್ಕೆ ಮೀಸಲಿಟ್ಟಿತು.

ಎರಡನೆಯ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ತಂಡದಲ್ಲಿ ಭಿನ್ನಮತ ದಾಖಲಿಸಿದವರು ಬಿ. ಆರ್. ಶೆಣೈ ಒಬ್ಬರೇ. ಅಂದಿನ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಶೆಣೈ, ಉಳಿತಾಯವನ್ನು ಮೀರಿ ನೋಟು ಮುದ್ರಿಸಿ ಯೋಜನೆ ನಡೆಸಿದರೆ ಹಣದುಬ್ಬರ ತಪ್ಪದು, ನಿಯಂತ್ರಣಗಳ ಮೇಲೆ ನಿಯಂತ್ರಣ ಹೇರಬೇಕಾಗುತ್ತದೆ ಎಂದು 1955ರಲ್ಲೇ ಎಚ್ಚರಿಸಿದರು. ಅಂದು ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. 1951ರ ಕೈಗಾರಿಕಾ ಕಾಯಿದೆಯ ಅಡಿಯಲ್ಲಿ ಕಾರ್ಖಾನೆ ತೆರೆಯಲು, ವಿಸ್ತರಿಸಲು, ಹೊಸ ಸರಕು ತಯಾರಿಸಲು ಲೈಸೆನ್ಸ್ ಬೇಕಾಗಿತ್ತು. ಕ್ರಮೇಣ ದೆಹಲಿಯ ಕಚೇರಿಗಳಲ್ಲಿ ಕಡತ ಸರಿಸುವ ಕಲೆ ಉದ್ಯಮ ನಡೆಸುವ ಕಲೆಗಿಂತ ಹೆಚ್ಚು ಲಾಭ ತರತೊಡಗಿತು. ಲೈಸೆನ್ಸ್ ಪಡೆದವರಿಗೆ ಪೈಪೋಟಿಯಿಲ್ಲ, ಪಡೆಯದವರಿಗೆ ಪ್ರವೇಶವಿಲ್ಲ. ಸುಮಾರು ಮೂರು ದಶಕಗಳ ಕಾಲ ಬೆಳವಣಿಗೆಯ ದರ ವರ್ಷಕ್ಕೆ ಶೇ. 3.5ರ ಆಸುಪಾಸಿನಲ್ಲೇ ತೆವಳಿತು.

ಈ ಕಾಲದ ಗುಣದೋಷಗಳೆರಡನ್ನೂ ಒಂದೇ ಕಡೆ ಕಾಣಬೇಕಾದರೆ ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿಯ ಕಥೆ ನೋಡಬಹುದು. 1953ರಲ್ಲಿ ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ಸ್ವಿಸ್ ಕಂಪನಿಯ ನೆರವಿನಿಂದ ಸ್ಥಾಪನೆಯಾದ ಈ ಸಾರ್ವಜನಿಕ ಉದ್ಯಮ, 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಕೈಗಡಿಯಾರ ತಯಾರಿಸಲು ಆರಂಭಿಸಿತು. ವಿದೇಶಿ ವಾಚು ದುಬಾರಿಯಾಗಿದ್ದ, ಇಲ್ಲವೆ ಕಳ್ಳಸಾಗಣೆಯಲ್ಲಿ ಬರುತ್ತಿದ್ದ ಕಾಲದಲ್ಲಿ ‘ಜನತಾ’ ಮಾದರಿ ಮಧ್ಯಮ ವರ್ಗದ ಕೈಗೆ ಎಟುಕಿತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುವುದು ವಾಡಿಕೆಯಾಯಿತು. ಬೇಡಿಕೆಯ ಮಾದರಿಗಳಿಗಾಗಿ ಜನ ಕಾಯಬೇಕಾಗಿತ್ತು. ಸಾವಿರಾರು ಕುಶಲಕರ್ಮಿಗಳು ಅಲ್ಲಿ ತಯಾರಾದರು. ಆದರೆ ಕಾಯುವ ಗ್ರಾಹಕರಿದ್ದ ಸಂಸ್ಥೆಗೆ ಬದಲಾಗುವ ಅವಸರವಿರಲಿಲ್ಲ. ಕ್ವಾರ್ಟ್ಜ್ ವಾಚನ್ನು ಎಚ್‌ಎಂಟಿ ತಾನೇ ಮೊದಲು ತಯಾರಿಸಿದ್ದರೂ ಅದರ ಹಿಂದೆ ಬೀಳಲಿಲ್ಲ. 1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಕೆಲವೇ ವರ್ಷಗಳಲ್ಲಿ ಆ ಮಾರುಕಟ್ಟೆಯನ್ನು ಕೈವಶ ಮಾಡಿಕೊಂಡಿತು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಇದನ್ನು ಸರ್ಕಾರಿ ಸೋಲು, ಖಾಸಗಿ ಗೆಲುವು ಎಂದು ಸುಲಭವಾಗಿ ಹೇಳಿಬಿಡುವಂತಿಲ್ಲ: ಟೈಟಾನ್ ಟಾಟಾ ಸಮೂಹದೊಂದಿಗೆ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮವೂ ಸೇರಿ ಕಟ್ಟಿದ ಜಂಟಿ ಉದ್ಯಮ. ವ್ಯತ್ಯಾಸ ಮಾಡಿದ್ದು ಒಡೆತನಕ್ಕಿಂತ ಪೈಪೋಟಿ.

ರಾಷ್ಟ್ರೀಕರಣದ ಫಲವೂ ಹೀಗೆಯೇ ಮಿಶ್ರವಾದದ್ದು. ಪಿಗ್ಮಿ ಠೇವಣಿಯ ಮೂಲಕ ದಿನಗೂಲಿಯವರ ಚಿಲ್ಲರೆ ಕಾಸನ್ನೂ ಉಳಿತಾಯವಾಗಿಸಿದ ಉಡುಪಿಯ ಸಿಂಡಿಕೇಟ್ ಬ್ಯಾಂಕು ಆಗ ಖಾಸಗಿ ಸಂಸ್ಥೆ. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಸೇರಿದ್ದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳೂ ಅದೇ ಹಾದಿ ಹಿಡಿದವು. ದೇಶದಲ್ಲಿ 1969ರಲ್ಲಿ ಸುಮಾರು 8,200 ಇದ್ದ ಬ್ಯಾಂಕ್ ಶಾಖೆಗಳು 1991ರ ವೇಳೆಗೆ 60,000ದಷ್ಟಾದವು. ಹಳ್ಳಿಗೆ ಬ್ಯಾಂಕು ಬಂತು. ಜೊತೆಗೆ ರಾಜಕೀಯ ಒತ್ತಡದ ಸಾಲ, ವಸೂಲಾಗದ ಸಾಲಗಳೂ ಬಂದವು. 1970ರ ಪೇಟೆಂಟ್ ಕಾಯಿದೆ ಔಷಧದ ಮೇಲಲ್ಲದೆ ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ ಪೇಟೆಂಟ್ ಕೊಟ್ಟದ್ದರಿಂದ ಭಾರತೀಯ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧವನ್ನು ಅಗ್ಗವಾಗಿ ತಯಾರಿಸುವುದನ್ನು ಕಲಿತವು. ಮುಂದೆ ಇವೇ ಜಗತ್ತಿಗೆ ಔಷಧ ಮಾರಿದವು. ಇಲ್ಲಿ ಸರ್ಕಾರ ಕೊಟ್ಟ ರಕ್ಷಣೆಯ ಒಳಗೇ ಸಾಕಷ್ಟು ಪೈಪೋಟಿಯಿತ್ತು.

ಭೂಸುಧಾರಣೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಭಾರಿ ಅಂತರ ಉಳಿಯಿತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನು ಹೆಚ್ಚುಕಡಿಮೆ ಕೊನೆಗಾಣಿಸಿತು. ತಾಲ್ಲೂಕು ಮಟ್ಟದ ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರು ವಕೀಲರ ಹಂಗಿಲ್ಲದೆ ಅರ್ಜಿ ಸಲ್ಲಿಸಬಹುದಾಗಿತ್ತು. ಗೇಣಿ ಹೆಚ್ಚಾಗಿದ್ದ ಕರಾವಳಿ, ಮಲೆನಾಡುಗಳಲ್ಲಿ ಇದರ ಪರಿಣಾಮ ಆಳವಾದದ್ದು; ಭೂಮಿಯೇ ಇಲ್ಲದ ಕೂಲಿಕಾರರಿಗೆ, ಅವರಲ್ಲಿ ಹೆಚ್ಚಿನವರಾದ ದಲಿತರಿಗೆ, ದಕ್ಕಿದ್ದು ಕಡಿಮೆ.

1991ರ ಬೇಸಗೆಯಲ್ಲಿ ದೇಶದ ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗಷ್ಟೇ ಸಾಲುವಂತಿತ್ತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಸಾಗಿಸಿ ಅಡವಿಟ್ಟಿತು. ಪಿ. ವಿ. ನರಸಿಂಹರಾವ್ ಸರ್ಕಾರ ರೂಪಾಯಿಯ ಮೌಲ್ಯ ಇಳಿಸಿತು. ಜುಲೈ 24ರಂದು ಪ್ರಕಟವಾದ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ರದ್ದುಮಾಡಿತು. ಸರ್ಕಾರಕ್ಕೆ ಮೀಸಲಾದ ಉದ್ಯಮಗಳು 17ರಿಂದ 8ಕ್ಕೆ ಇಳಿದವು. ಹಣಕಾಸು ಸಚಿವ ಮನಮೋಹನ್ ಸಿಂಗ್ ಅದೇ ದಿನ ಬಜೆಟ್ ಮಂಡಿಸಿದರು. ಬೆಳವಣಿಗೆ ಚುರುಕಾಯಿತು, ಬಡತನದ ಪ್ರಮಾಣ ಇಳಿಯಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಈ ಬದಲಾವಣೆಯ ಕುರುಹಾಯಿತು. ಆದರೆ ಆ ನಗರ ತಂತ್ರಜ್ಞಾನದ ಕೇಂದ್ರವಾಗಲು ನೆಲ ಹದಗೊಳಿಸಿದ್ದು ಅದಕ್ಕೂ ಹಿಂದಿನ ಸರ್ಕಾರಿ ಹೂಡಿಕೆ: 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಜಮ್‌ಶೆಟ್‌ಜಿ ಟಾಟಾರ ದತ್ತಿಯ ಜೊತೆಗೆ ಮೈಸೂರು ಸಂಸ್ಥಾನ ಕೊಟ್ಟ ಜಮೀನು, ನಂತರ ಬಂದ ಎಚ್‌ಎಎಲ್, ಐಟಿಐ, ಬಿಇಎಲ್‌ಗಳು. 2015ರ ಜನವರಿಯಲ್ಲಿ ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು. ಉದಾರೀಕರಣ ಬಗೆಹರಿಸದೆ ಉಳಿಸಿದ ದೊಡ್ಡ ಸಮಸ್ಯೆ ಉದ್ಯೋಗ: ಇಂದಿಗೂ ದುಡಿಯುವವರಲ್ಲಿ ಬಹುಪಾಲು ಜನ ಪಿಂಚಣಿ, ವಿಮೆ, ಲಿಖಿತ ಕರಾರುಗಳಿಲ್ಲದ ಅಸಂಘಟಿತ ವಲಯದಲ್ಲಿದ್ದಾರೆ.

ದಕ್ಷಿಣ ಕೊರಿಯ: ಷರತ್ತಿನ ಬೆಂಬಲ

1953ರಲ್ಲಿ ಯುದ್ಧ ನಿಂತಾಗ ಕೊರಿಯ ಪಾಳುಬಿದ್ದಿತ್ತು. ಖನಿಜ ಸಂಪತ್ತು ಕಡಿಮೆ, ಅಮೆರಿಕದ ನೆರವೇ ಆಧಾರ. ಆದರೆ ಎರಡು ಕೆಲಸಗಳು ಆಗಲೇ ನಡೆದಿದ್ದವು. 1950ರಲ್ಲಿ ಜಾರಿಯಾದ ಭೂಸುಧಾರಣೆ ಒಂದು ಕುಟುಂಬಕ್ಕೆ ಸುಮಾರು ಮೂರು ಹೆಕ್ಟೇರುಗಳ ಮಿತಿ ಹಾಕಿ ಜಮೀನ್ದಾರಿ ವರ್ಗವನ್ನೇ ಕರಗಿಸಿತು. ಪ್ರಾಥಮಿಕ ಶಿಕ್ಷಣ 1960ರ ದಶಕದ ವೇಳೆಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ತಲುಪಿತು.

1961ರಲ್ಲಿ ಸೈನಿಕ ಕ್ರಾಂತಿಯಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್ ಹೀ ಬ್ಯಾಂಕುಗಳನ್ನು ಸರ್ಕಾರದ ಹಿಡಿತಕ್ಕೆ ತಂದುಕೊಂಡರು. 1962ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಭಾರತದಂತೆಯೇ ಇಲ್ಲೂ ಸುಂಕದ ಗೋಡೆ, ಅಗ್ಗದ ಸಾಲ, ಸರ್ಕಾರಿ ಮಾರ್ಗದರ್ಶನ ಇದ್ದವು. ವ್ಯತ್ಯಾಸವಿದ್ದದ್ದು ಷರತ್ತಿನಲ್ಲಿ. ಅಗ್ಗದ ಸಾಲ ಪಡೆದ ಕಂಪನಿ ರಫ್ತಿನ ಗುರಿ ಮುಟ್ಟಲೇಬೇಕು. ತಿಂಗಳಿಗೊಮ್ಮೆ ಅಧ್ಯಕ್ಷರೇ ಕೂತು ಸರಕುವಾರು, ದೇಶವಾರು ಲೆಕ್ಕ ಕೇಳುತ್ತಿದ್ದರು. ವಿದೇಶದ ಗ್ರಾಹಕ ಕೊಳ್ಳದಿದ್ದರೆ ಸೋಲ್‌ನ ಮಂತ್ರಿಗೆ ಲಂಚ ಕೊಟ್ಟರೂ ಪ್ರಯೋಜನವಿಲ್ಲ. ಹೀಗೆ ರಫ್ತು ಮಾರುಕಟ್ಟೆಯೇ ಪರೀಕ್ಷಕನ ಕೆಲಸ ಮಾಡಿತು. 1964ರಲ್ಲಿ 10 ಕೋಟಿ ಡಾಲರ್ ಮುಟ್ಟಿದ ರಫ್ತು 1977ರಲ್ಲಿ 1,000 ಕೋಟಿ ಡಾಲರ್ ಆಯಿತು. ಉಕ್ಕಿನ ಕಾರ್ಖಾನೆ ಲಾಭದಾಯಕವಲ್ಲವೆಂದು ವಿಶ್ವ ಬ್ಯಾಂಕು ಸಾಲ ಕೊಡಲು ಹಿಂಜರಿದಾಗ, ಜಪಾನಿನಿಂದ ಬಂದ ಪರಿಹಾರದ ಹಣದಲ್ಲಿ ಪೊಹಾಂಗ್‌ನಲ್ಲಿ ಪೋಸ್ಕೊ ಎದ್ದುನಿಂತಿತು. 1973ರಲ್ಲಿ ಉತ್ಪಾದನೆ ಆರಂಭಿಸಿದ ಈ ಸಾರ್ವಜನಿಕ ಉದ್ಯಮ ಜಗತ್ತಿನ ದಕ್ಷ ಉಕ್ಕು ತಯಾರಕರ ಸಾಲಿಗೆ ಸೇರಿತು.

ಇದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ಕಾರ್ಮಿಕ ಸಂಘಗಳನ್ನು ಹತ್ತಿಕ್ಕಲಾಯಿತು. ಕಾಗದದ ಮೇಲಿದ್ದ ಕಾರ್ಮಿಕ ಕಾನೂನನ್ನು ಜಾರಿಗೆ ತನ್ನಿ ಎಂದು ಒತ್ತಾಯಿಸಿ 1970ರಲ್ಲಿ ಸೋಲ್‌ನ ಹೊಲಿಗೆ ಕಾರ್ಮಿಕ ಜಿಯೊನ್ ತೆ ಇಲ್ ಬೆಂಕಿ ಹಚ್ಚಿಕೊಂಡು ಪ್ರಾಣಬಿಟ್ಟರು. ಪ್ರಜಾಪ್ರಭುತ್ವ ಬಂದದ್ದು 1987ರ ಜನಾಂದೋಲನದ ನಂತರ. ಕೆಲವೇ ಕುಟುಂಬಗಳ ಕೈಯಲ್ಲಿ ಉದ್ಯಮ ಕೇಂದ್ರೀಕೃತವಾದದ್ದರ ಅಪಾಯ 1997ರ ಹಣಕಾಸು ಮುಗ್ಗಟ್ಟಿನಲ್ಲಿ ಬಯಲಾಯಿತು. ಅದೇ ಪೋಸ್ಕೊ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆ ಸ್ಥಾಪಿಸಲು ಹೊರಟಾಗ, ರೈತರು ಮತ್ತು ಮಠಾಧೀಶರ ವಿರೋಧಕ್ಕೆ ಮಣಿದು ಕರ್ನಾಟಕ ಸರ್ಕಾರ 2011ರಲ್ಲಿ ಭೂಸ್ವಾಧೀನವನ್ನು ಕೈಬಿಟ್ಟಿತು. ಮತ ಕೇಳಿಕೊಂಡು ಬರಬೇಕಾದ ಸರ್ಕಾರ ಸೈನಿಕ ಆಡಳಿತದ ದಾರಿಯನ್ನು ನಕಲು ಮಾಡಲಾರದು, ಮಾಡಬೇಕಾಗಿಯೂ ಇಲ್ಲ.

ಚೀನಾ: ಹೆಜ್ಜೆ ಹೆಜ್ಜೆಯ ಬದಲಾವಣೆ

1949ರ ಕ್ರಾಂತಿಯ ನಂತರ ಚೀನಾ ಭೂಮಿಯನ್ನು ಹಂಚಿತು, ಬಳಿಕ ಕಮ್ಯೂನುಗಳಲ್ಲಿ ಒಟ್ಟುಗೂಡಿಸಿತು. ಉತ್ಪಾದನೆಯನ್ನು ಒಮ್ಮೆಗೇ ಏರಿಸಲು ಹೊರಟ 1958ರ ‘ಮಹಾ ಜಿಗಿತ’ದಲ್ಲಿ ಸ್ಥಳೀಯ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಫಸಲಿನ ಲೆಕ್ಕ ಕೊಟ್ಟರು, ಆ ಸುಳ್ಳು ಲೆಕ್ಕದ ಮೇಲೆ ಧಾನ್ಯ ವಸೂಲಿಯಾಯಿತು, ಮುಂದಿನ ಮೂರು ವರ್ಷಗಳ ಕ್ಷಾಮದಲ್ಲಿ ಕೋಟ್ಯಂತರ ಜನ ಸತ್ತರು. ಪತ್ರಿಕಾ ಸ್ವಾತಂತ್ರ್ಯವೂ ಚುನಾವಣೆಯೂ ಇರುವ ದೇಶದಲ್ಲಿ ಇಂಥ ಕ್ಷಾಮ ಸಂಭವಿಸುವುದಿಲ್ಲ ಎಂದು ಅಮರ್ತ್ಯ ಸೆನ್ ಭಾರತದೊಂದಿಗೆ ಹೋಲಿಸಿ ವಾದಿಸಿದರು. ಆದರೆ ಶಾಲೆ, ಪ್ರಾಥಮಿಕ ಆರೋಗ್ಯಗಳಲ್ಲಿ ಚೀನಾ ಭಾರತಕ್ಕಿಂತ ಮುಂದೆ ಸಾಗಿತ್ತು ಎಂಬುದನ್ನೂ ಅವರೇ ಎತ್ತಿ ತೋರಿಸಿದರು.

1978ರ ಕೊನೆಯಲ್ಲಿ ಅನ್‌ಹುಯ್ ಪ್ರಾಂತದ ಶಿಯಾವ್‌ಗಾಂಗ್ ಎಂಬ ಬಡ ಹಳ್ಳಿಯ 18 ರೈತರು ಗುಟ್ಟಾಗಿ ಸೇರಿ ಒಂದು ಕರಾರಿಗೆ ಹೆಬ್ಬೆಟ್ಟೊತ್ತಿದರು. ಕಮ್ಯೂನಿನ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರಕ್ಕೆ ಸಲ್ಲಬೇಕಾದ ಪಾಲು ಸಲ್ಲಿಸಿ ಉಳಿದದ್ದನ್ನು ತಾವೇ ಇಟ್ಟುಕೊಳ್ಳುವುದು, ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕುವುದು ಎಂಬುದು ಒಪ್ಪಂದ. ಮರುವರ್ಷ ಫಸಲು ಹಲವು ಪಟ್ಟು ಹೆಚ್ಚಿತು. ಡೆಂಗ್ ಶಿಯಾವೊಪಿಂಗ್ ನಾಯಕತ್ವ ಅವರನ್ನು ಶಿಕ್ಷಿಸುವ ಬದಲು ಆ ಪದ್ಧತಿ ಹರಡಲು ಬಿಟ್ಟಿತು. 1984ರ ವೇಳೆಗೆ ಕಮ್ಯೂನುಗಳು ಹೆಚ್ಚುಕಡಿಮೆ ಮಾಯವಾದವು.

ಉಳಿದ ಸುಧಾರಣೆಗಳೂ ಇದೇ ಬಗೆಯಲ್ಲಿ, ಮೊದಲು ಒಂದೆಡೆ ಪರೀಕ್ಷಿಸಿ ಆಮೇಲೆ ಹರಡುವಂತೆ ನಡೆದವು. 1980ರಲ್ಲಿ ಶೆನ್‌ಜೆನ್ ಸೇರಿದಂತೆ ನಾಲ್ಕು ವಿಶೇಷ ಆರ್ಥಿಕ ವಲಯಗಳು ತೆರೆದವು. ಯೋಜನೆಯ ಪಾಲಿನ ಸರಕಿಗೆ ಸರ್ಕಾರಿ ಬೆಲೆ, ಅದನ್ನು ಮೀರಿದ್ದಕ್ಕೆ ಮಾರುಕಟ್ಟೆ ಬೆಲೆ ಎಂಬ ಇಬ್ಬಗೆಯ ಪದ್ಧತಿಯಿಂದ ಹಳೆಯ ವ್ಯವಸ್ಥೆ ಏಕಾಏಕಿ ಕುಸಿಯದಂತೆ ನೋಡಿಕೊಳ್ಳಲಾಯಿತು. 1992ರಲ್ಲಿ ಬೆಲೆಗಳನ್ನು ಒಮ್ಮೆಗೇ ಸಡಿಲಿಸಿ ಆಸ್ತಿಗಳನ್ನು ತರಾತುರಿಯಲ್ಲಿ ಖಾಸಗಿಗೆ ಕೊಡಲು ಹೊರಟ ರಷ್ಯದಲ್ಲಿ ಉತ್ಪಾದನೆ ನೆಲಕಚ್ಚಿ, ಗಣಿ, ತೈಲಗಳು ಕೆಲವರ ಪಾಲಾದದ್ದಕ್ಕೆ ಹೋಲಿಸಿದರೆ ಈ ನಿಧಾನದ ಮಹತ್ವ ತಿಳಿಯುತ್ತದೆ. ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಚೀನೀಯರು ಕಡುಬಡತನದಿಂದ ಹೊರಬಂದರೆಂದು ವಿಶ್ವ ಬ್ಯಾಂಕಿನ ಅಂದಾಜು. ಹಳ್ಳಿಯಿಂದ ನಗರಕ್ಕೆ ಬಂದ ಕಾರ್ಮಿಕರಿಗೆ ನಗರವಾಸಿಗಳ ಸೌಲಭ್ಯ ನಿರಾಕರಿಸುವ ನೋಂದಣಿ ಪದ್ಧತಿ, ಪರಿಸರ ನಾಶ, ರಾಜಕೀಯ ಸ್ವಾತಂತ್ರ್ಯದ ಅಭಾವ ಈ ಸಾಧನೆಯ ಇನ್ನೊಂದು ಮುಖ.

ಇತರ ಅನುಭವಗಳು

ಟಾಂಜಾನಿಯ: ಅಧ್ಯಕ್ಷ ಜೂಲಿಯಸ್ ನೈರೇರೆ 1967ರ ಅರುಷಾ ಘೋಷಣೆಯ ಮೂಲಕ ‘ಉಜಮಾ’, ಅಂದರೆ ಕುಟುಂಬಭಾವದ ಸಮಾಜವಾದವನ್ನು ಸಾರಿದರು. ಬ್ಯಾಂಕು, ದೊಡ್ಡ ವ್ಯಾಪಾರಗಳು ಸರ್ಕಾರದ ವಶವಾದವು. ಚದುರಿದ ರೈತರು ಸ್ವಇಚ್ಛೆಯಿಂದ ಹಳ್ಳಿಗಳಲ್ಲಿ ಸೇರುತ್ತಾರೆಂಬ ನಿರೀಕ್ಷೆ ಈಡೇರದಾಗ, 1973ರಿಂದ ಬಲವಂತದ ಸ್ಥಳಾಂತರ ನಡೆಯಿತು. ಸಾಕ್ಷರತೆ, ಆರೋಗ್ಯ, ರಾಷ್ಟ್ರೀಯ ಐಕ್ಯಗಳಲ್ಲಿ ಸಾಧನೆ ದೊಡ್ಡದು. ಬೇಸಾಯ ಮಾತ್ರ ಸೊರಗಿತು. 1985ರಲ್ಲಿ ನೈರೇರೆ ಅಧಿಕಾರ ಬಿಟ್ಟರು. ಮರುವರ್ಷ ದೇಶ ಅಂತಾರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಾಗಿಲು ತಟ್ಟಿತು. ನಾಯಕನ ಪ್ರಾಮಾಣಿಕತೆ ಪ್ರಶ್ನಾತೀತವಾಗಿದ್ದರೂ ರೈತನ ಮಾತು ಯೋಜನೆಗೆ ಮುಟ್ಟದಿದ್ದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ.

ಚಿಲಿ: 1973ರ ಸೈನಿಕ ದಂಗೆಯ ನಂತರ ಶಿಕಾಗೊದಲ್ಲಿ ಕಲಿತ ಅರ್ಥಶಾಸ್ತ್ರಜ್ಞರು ಮುಕ್ತ ಮಾರುಕಟ್ಟೆಯ ನೀತಿಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ನಿಯಂತ್ರಣವಿಲ್ಲದ ಬ್ಯಾಂಕುಗಳು ಮುಳುಗಿ, 1982ರಲ್ಲಿ ರಾಷ್ಟ್ರೀಯ ಉತ್ಪನ್ನ ಸುಮಾರು ಶೇ. 14ರಷ್ಟು ಕುಸಿದಾಗ ಅದೇ ಸರ್ಕಾರ ಬ್ಯಾಂಕುಗಳನ್ನು ವಶಕ್ಕೆ ತೆಗೆದುಕೊಳ್ಳಬೇಕಾಯಿತು. 1971ರಲ್ಲಿ ರಾಷ್ಟ್ರೀಕರಣಗೊಂಡ ದೊಡ್ಡ ತಾಮ್ರದ ಗಣಿಗಳನ್ನು ದಂಗೆಯಿಂದ ಅಧಿಕಾರಕ್ಕೆ ಬಂದ ಪಿನೊಚೆ ಆಡಳಿತವೂ ಖಾಸಗಿಗೆ ಮರಳಿಸಲಿಲ್ಲ. ಬಡತನ ಗಣನೀಯವಾಗಿ ಇಳಿದದ್ದು 1990ರಲ್ಲಿ ಪ್ರಜಾಪ್ರಭುತ್ವ ಮರಳಿ, ಮಾರುಕಟ್ಟೆಯ ಜೊತೆಗೆ ಸಾಮಾಜಿಕ ವೆಚ್ಚ ಹೆಚ್ಚಿದ ಮೇಲೆ.

ಬೋಟ್ಸ್ವಾನ: 1966ರಲ್ಲಿ ಸ್ವತಂತ್ರವಾದಾಗ ಇದು ಜಗತ್ತಿನ ಕಡುಬಡ ದೇಶಗಳಲ್ಲೊಂದು. ಮರುವರ್ಷ ಒರಾಪದಲ್ಲಿ ವಜ್ರ ಸಿಕ್ಕಿತು. ಆಫ್ರಿಕದ ಹಲವು ಕಡೆ ಖನಿಜವೇ ಅಂತರ್ಯುದ್ಧಕ್ಕೆ ಕಾರಣವಾದರೆ, ಇಲ್ಲಿ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಇಡೀ ರಾಷ್ಟ್ರಕ್ಕೆ ವರ್ಗಾಯಿಸಿ, ಡಿ ಬಿಯರ್ಸ್ ಕಂಪನಿಯೊಂದಿಗೆ ಸಮಪಾಲಿನ ಉದ್ಯಮ ಕಟ್ಟಲಾಯಿತು. ಆದಾಯ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹೋಯಿತು. ನಿಯತವಾಗಿ ಚುನಾವಣೆ ನಡೆಸಿಕೊಂಡೇ ಅದು ಮೇಲ್ಮಧ್ಯಮ ಆದಾಯದ ದೇಶವಾಯಿತು. ವಜ್ರದ ಮೇಲಿನ ಅತಿ ಅವಲಂಬನೆ, ನಿರುದ್ಯೋಗ, ಅಸಮಾನತೆಗಳು ಅದರ ಉಳಿದ ತೊಡಕುಗಳು.

ಆಯ್ಕೆಯ ಮಾನದಂಡಗಳು

ಈ ಅನುಭವಗಳನ್ನು ಒಟ್ಟಿಗಿಟ್ಟು ನೋಡಿದರೆ ಕೆಲವು ಸಾಮಾನ್ಯ ಅಂಶಗಳು ಕಾಣಿಸುತ್ತವೆ. ಒಂದು, ಭೂಮಿ ಮತ್ತು ಅಕ್ಷರದ ಹಂಚಿಕೆ ಮೊದಲು ನಡೆದಲ್ಲಿ ಮುಂದಿನ ಬೆಳವಣಿಗೆಯ ಫಲವೂ ಹೆಚ್ಚು ಜನರಿಗೆ ತಲುಪಿತು. ಭಾರತ 1951ರಲ್ಲೇ ಖರಗ್‌ಪುರದಲ್ಲಿ ಐಐಟಿ ತೆರೆದರೂ, ಶಿಕ್ಷಣವನ್ನು ಮಕ್ಕಳ ಹಕ್ಕಾಗಿಸುವ ಕಾಯಿದೆ ಬಂದದ್ದು 2009ರಲ್ಲಿ. ಎರಡು, ಎಳೆಯ ಉದ್ಯಮಕ್ಕೆ ರಕ್ಷಣೆ ಕೊಡುವುದು ತಪ್ಪಲ್ಲ. ಅಮೆರಿಕ, ಜರ್ಮನಿಗಳೂ ಒಂದು ಕಾಲಕ್ಕೆ ಕೊಟ್ಟಿದ್ದವು. ರಕ್ಷಣೆಗೆ ಗಡುವೂ ಅಳತೆಗೋಲೂ ಇಲ್ಲದಿರುವುದು ತಪ್ಪು. ಮೂರು, ಪೈಪೋಟಿ ಒಡೆತನಕ್ಕಿಂತ ಮುಖ್ಯ. ಸರ್ಕಾರಿ ಏಕಸ್ವಾಮ್ಯವನ್ನು ಹಾಗೆಯೇ ಒಬ್ಬ ಖಾಸಗಿ ಮಾಲೀಕನಿಗೆ ಮಾರಿದರೆ ಗ್ರಾಹಕನಿಗೆ ಬದಲಾವಣೆಯೇನೂ ಕಾಣದು. ನಾಲ್ಕು, ಕುಡಿಯುವ ನೀರು, ಲಸಿಕೆ, ಪ್ರಾಥಮಿಕ ಶಾಲೆ, ಪಡಿತರದಂಥ ಅಗತ್ಯಗಳನ್ನು ಕೊಳ್ಳುವ ಶಕ್ತಿಗೆ ಬಿಟ್ಟ ಯಾವ ದೇಶವೂ ಬಡತನವನ್ನು ಬೇಗ ನೀಗಿಕೊಂಡಿಲ್ಲ.

ಐದನೆಯದು ಮಾಹಿತಿ. ಸುಳ್ಳು ಫಸಲಿನ ಲೆಕ್ಕ ಚೀನಾದಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಮುಚ್ಚಿಟ್ಟ ವಸೂಲಾಗದ ಸಾಲ ಹಲವು ದೇಶಗಳಲ್ಲಿ ಬ್ಯಾಂಕುಗಳನ್ನು ಮುಳುಗಿಸಿತು. ಬೆಲೆ, ಚುನಾವಣೆ, ಪತ್ರಿಕೆ, ಲೆಕ್ಕ ಪರಿಶೋಧನೆ ಇವೆಲ್ಲ ತಪ್ಪನ್ನು ಆಳುವವರಿಗೆ ಮುಟ್ಟಿಸುವ ಬೇರೆಬೇರೆ ದಾರಿಗಳು. ಅಧಿಕಾರ ಜನರಿಗೆ ಹತ್ತಿರವಾದಷ್ಟೂ ಈ ದಾರಿ ಹತ್ತಿರವಾಗುತ್ತದೆ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಮುಂದಾಳುತನದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಹೋದಾಗ ಊರಿನ ಕೊಳವೆಬಾವಿ, ಶಾಲೆ, ಆಸ್ಪತ್ರೆಗಳ ಪ್ರಶ್ನೆ ಸ್ಥಳೀಯ ಸಭೆಗೇ ಬಂತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಗೆ ಈ ಪ್ರಯೋಗವೂ ಒಂದು ಪ್ರೇರಣೆ.

ಇಂದಿನ ಬಡ ದೇಶಗಳಿಗೆ ಹಿಂದಿನವರ ದಾರಿಗಳೆಲ್ಲ ತೆರೆದಿಲ್ಲ. 1995ರಲ್ಲಿ ಸ್ಥಾಪನೆಯಾದ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳು ರಫ್ತು ಸಹಾಯಧನವನ್ನೂ ಪೇಟೆಂಟ್ ಸಡಿಲಿಕೆಯನ್ನೂ ಮೊಟಕುಗೊಳಿಸಿವೆ. ಭಾರತವೂ 2005ರಲ್ಲಿ ತನ್ನ ಪೇಟೆಂಟ್ ಕಾಯಿದೆಯನ್ನು ಬದಲಿಸಿತು. ಯಂತ್ರಗಳು ಹೆಚ್ಚು ಕೆಲಸ ಮಾಡುವ ಕಾರ್ಖಾನೆ ಮೊದಲಿನಷ್ಟು ಜನರಿಗೆ ಉದ್ಯೋಗ ಕೊಡುವುದಿಲ್ಲ. ಹವಾಮಾನ ಬದಲಾವಣೆಯಿಂದಾಗಿ ಕಲ್ಲಿದ್ದಲನ್ನೇ ನಂಬಿದ ಕೈಗಾರಿಕೀಕರಣ ಮೊದಲಿನಂತೆ ಅಗ್ಗವೂ ಅಲ್ಲ, ನಿರಪಾಯವೂ ಅಲ್ಲ.

ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ಅತ್ಯುತ್ತಮ ವ್ಯವಸ್ಥೆ ಎಂಬುದಿಲ್ಲ. ಜಮೀನು, ಶಾಲೆ, ಆರೋಗ್ಯಗಳ ಹೊಣೆ ಸರ್ಕಾರ ಹೊತ್ತು, ಸರಕು ತಯಾರಿಕೆ ಮತ್ತು ವ್ಯಾಪಾರಗಳನ್ನು ಪೈಪೋಟಿಗೆ ಬಿಟ್ಟು, ಕೊಟ್ಟ ನೆರವನ್ನು ಸೋತವರಿಂದ ಹಿಂದಕ್ಕೆ ಪಡೆಯುವ ಧೈರ್ಯವಿರುವ ಮಿಶ್ರ ವ್ಯವಸ್ಥೆ ಇದುವರೆಗಿನ ಪ್ರಯೋಗಗಳಲ್ಲಿ ಹೆಚ್ಚು ಫಲ ಕೊಟ್ಟಿದೆ. ಆ ಧೈರ್ಯವನ್ನು ಸರ್ವಾಧಿಕಾರಿಯ ಕೈಯಿಂದ ಪಡೆದ ದೇಶಗಳಿವೆ, ಮತದಾರನ ಕೈಯಿಂದ ಪಡೆದ ದೇಶಗಳೂ ಇವೆ. ತಪ್ಪು ಮಾಡಿದ ಸರ್ಕಾರವನ್ನು ರಕ್ತಪಾತವಿಲ್ಲದೆ ಬದಲಿಸಬಹುದಾದ ಅನುಕೂಲ ಎರಡನೆಯ ಗುಂಪಿಗೆ ಮಾತ್ರ ಉಂಟು.